ಆಸ್ಪತ್ರೆ ವಾಸನೆಯ ಬಲೆ

೧೫ ಜೂನ್ ೨೦೦೮, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ.

ಜಗಲಿಯಲ್ಲಿ ಅಪ್ಪ ಬಲೆ ಹರಡಿಕೊಂಡಿದ್ದಾನೆ. ಮಳೆಗಾಲಕ್ಕೆ ದೋಣಿಗಳು ದಡದ ಮೇಲೆ ಬಂದಿವೆ. ಮುರ್ಡೇಶ್ವರದ ನಮ್ಮ ಕೇರಿಯಲ್ಲಿ ಇನ್ನು ಯಾರ ಜಗಲಿ ನೋಡಿದರೂ ಬಲೆಯೇ. ಅಮ್ಮ ಒಳಗಿನಿಂದ ಫಿನೈಲ್ ಹಾಕಿ ನೆಲ ಒರೆಸುತ್ತ ಹೊಸ್ತಿಲು ದಾಟಿದಳು. ಬಲೆಯ ವಾಸನೆಗೆ ಫಿನೈಲಿನ ವಾಸನೆ ಬೆರೆಯಿತು. ಅಪ್ಪ ತಲೆ ಎತ್ತಿ ನನ್ನತ್ತ ನೋಡಿದ, ನಾನು ಅವನತ್ತ ನೋಡಿದೆ. ಇಬ್ಬರಿಗೂ ನೆನಪಾದದ್ದು ಒಂದೇ ಬಲೆ. ಬಲೆ ಎಂದಮೇಲೆ ಮೀನು ನಾರಬೇಕು. ಅದು ಆಸ್ಪತ್ರೆ ನಾರುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಪ್ರಾಣಿ. ಬಸ್ಸಿನ ಟಿಕೆಟಿನ ತಾರೀಖು ಓದದೆ ಕಿಟಕಿ ಹೊರಗೆ ನೋಡುವವಳಲ್ಲ. ಅಂಗಡಿಯವನು ತೂಗುವಾಗ ನನ್ನ ಕಣ್ಣು ಅಕ್ಕಿಯ ಮೇಲಿರುವುದಿಲ್ಲ, ಅವನ ಹೆಬ್ಬೆರಳಿನ ಮೇಲಿರುತ್ತದೆ. ಈ ಗುಣ ನನ್ನ ಸೋದರತ್ತೆಯಿಂದ, ಎಂದರೆ ಅಪ್ಪನ ಅಕ್ಕನಿಂದ ಬಂದದ್ದು. ಅತ್ತೆಯಾದರೋ ದೇವರ ಪ್ರಸಾದವನ್ನೂ ಬಿಡಿಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುವವಳು.

ಆರು ವರ್ಷದ ಹಿಂದಿನ ಬೇಸಿಗೆ. ದೋಣಿಯ ಇಂಜಿನ್ನಿನ ಕುದಿನೀರು ಸಿಡಿದು ಅಪ್ಪನ ಬಲಗಾಲು ಮೊಣಕಾಲಿನಿಂದ ಪಾದದವರೆಗೆ ಸುಟ್ಟುಹೋಯಿತು. ಹೊನ್ನಾವರದ ಆಸ್ಪತ್ರೆಗೆ ಸೇರಿಸಿದರು. ನಾನು ಪಿಯುಸಿ ಪರೀಕ್ಷೆ ಮುಗಿಸಿ ಕೂತಿದ್ದೆ. ಅಮ್ಮ ಮೀನು ಮಾರುವ ಬುಟ್ಟಿ ಬಿಟ್ಟು ಬರುವ ಹಾಗಿರಲಿಲ್ಲ. ಹೀಗಾಗಿ ರೋಗಿಯ ಪಕ್ಕ ನಾನು. ಅತ್ತೆ ದಿನವೂ ಬಸ್ಸಿನಲ್ಲಿ ಗಂಜಿ, ಒಣಮೀನಿನ ಚಟ್ನಿ ತರುವಳು.

ಸುಟ್ಟ ಗಾಯವೆಂದರೆ ಸುಟ್ಟ ದಿನದ ನೋವಷ್ಟೇ ಎಂದು ನಾನು ತಿಳಿದಿದ್ದೆ. ನಿಜವಾದ ನೋವು ದಿನಾ ಬೆಳಿಗ್ಗೆ ಡ್ರೆಸ್ಸಿಂಗಿನ ಟ್ರಾಲಿಯ ಮೇಲೆ ಬರುತ್ತಿತ್ತು. ಹಳೆಯ ಬಟ್ಟೆ ಬಿಚ್ಚುವುದು, ತೊಳೆಯುವುದು, ಮೊಣಕಾಲು ಬಿಗಿಯದಂತೆ ಮಡಚಿಸುವುದು. ಟ್ರಾಲಿಯ ಗಾಲಿ ಕಿರ್ರೆಂದರೆ ಸಾಕು, ಗಾಳಿಮಳೆಯಲ್ಲಿ ದೋಣಿ ತಿರುಗಿಸಿ ತಂದ ನನ್ನಪ್ಪ ಮಂಚದ ಸರಳು ಹಿಡಿದುಕೊಳ್ಳುತ್ತಿದ್ದ. ನಾನು ಅವನ ಒಂದೊಂದು ಕೂಗಿಗೂ ನೋಟುಬುಕ್ಕಿನಲ್ಲಿ ಒಂದೊಂದು ಗೀಟು ಹಾಕಿದೆ. ಅತ್ತೆ ಬಗ್ಗಿ ನೋಡಿ, "ಎಂತನೆ, ಕಾಲೇಜಲ್ಲಿ ಇದನ್ನೇ ಕಲ್ಸಿದ್ದಾ? ಹೋಗಿ ಅವನ ಕೈ ಹಿಡ್ಕ" ಎಂದಳು.

ಮೂರನೆಯ ಡ್ರೆಸ್ಸಿಂಗ್ ಆದಮೇಲೆ ಅಪ್ಪ ಅತ್ತೆಯನ್ನು ಹತ್ತಿರ ಕರೆದ. "ಅಕ್ಕಾ, ರಿಕ್ಷಾ ತಕಂಡು ಬಾ. ಮನೆಗೆ ಹೋಪ. ಕಾಲು ಹೋದ್ರೆ ಹೋಗ್ಲಿ."

ಡಾಕ್ಟರು ನೆತ್ತಿಗೇರಿದ ಸಿಟ್ಟನ್ನು ನುಂಗಿಕೊಂಡು ಹೇಳಿದರು: "ಈಗ ಹೋದ್ರೆ ಗಾಯ ಕೀವಾಗ್ತದೆ. ಮೊಣಕಾಲು ಹೀಗೇ ಗಟ್ಟಿಯಾಗ್ತದೆ. ಮತ್ತೆ ದೋಣಿ ಹತ್ತೋದು ಮರೆತುಬಿಡಿ." ಅಪ್ಪ ಗೋಡೆ ಕಡೆ ಮುಖ ತಿರುಗಿಸಿದ.

ಮರುದಿನ ಬೆಳಿಗ್ಗೆ ಡ್ರೆಸ್ಸಿಂಗಿಗೆ ಬಂದವರು ಶಾರದಾ ಸಿಸ್ಟರ್. ಕುಮಟಾ ಕಡೆಯ ಬಾಡ ಎಂಬ ಊರಿನವರು, ಮೀನುಗಾರರ ಮನೆಯ ಹೆಣ್ಣುಮಗಳು. ನಗುವವರಲ್ಲ. ನೋವು ತಗ್ಗಲು ಇಂಜೆಕ್ಷನ್ ಕೊಟ್ಟರು, ಕೊಟ್ಟ ಮೇಲೆ ಕೂಡಲೇ ಗಾಯಕ್ಕೆ ಕೈ ಹಾಕಲಿಲ್ಲ. ಫ್ಯಾನು ಆರಿಸಿದರು. ಮೊಣಕಾಲಿನ ಕೆಳಗೆ ದಿಂಬು ಸಿಕ್ಕಿಸಿದರು. ಹಳೆಯ ಬಟ್ಟೆಯ ಮೇಲೆ ಸಲೈನ್ ಬಾಟಲಿ ಬಗ್ಗಿಸಿ, ಅದು ನೆನೆಯಲೆಂದು ಬಿಟ್ಟರು. ಇಷ್ಟಾದ ಮೇಲೆ ಟ್ರಾಲಿಯ ಕೆಳಗಿನಿಂದ ಒಂದು ಬೇಸಿನ್ ಎಳೆದು, ಅದರೊಳಗಿಂದ ಬಲೆಯ ತುಂಡೊಂದನ್ನು ತೆಗೆದು ಅಪ್ಪನ ಎದೆಯ ಮೇಲೆ ಹಾಕಿದರು. ಜೊತೆಗೆ ನೂಲು ಸುತ್ತಿದ ಬಿದಿರಿನ ಬಲೆಸೂಜಿ.

"ಅಣ್ಣಾ, ಇದೊಂದು ತೂತು ಮುಚ್ಚಿಕೊಡಿ."

"ಈಗಲಾ?" ಎಂದ ಅಪ್ಪ.

"ಈಗಲೇ. ನೀವು ಅಲ್ಲಿ ನೋಡಿ, ನಾ ಇಲ್ಲಿ ನೋಡ್ತೆ. ತಡೆಯೂಕೆ ಆಗ್ಲಿಲ್ಲ ಅಂದ್ರೆ ಬಲೆಸೂಜಿ ಮೇಲೆತ್ತಿ. ನನ್ನ ಕೈ ನಿಲ್ತದೆ."

ಅಪ್ಪ ಎತ್ತಿದ. ಕೈ ನಿಂತಿತು. ಮತ್ತೆ ಎತ್ತಿದ, ಬೇಕೆಂದೇ. ಆಗಲೂ ನಿಂತಿತು. ಆಮೇಲೆ ಅವನು ತೂತಿನ ಅಂಚು ಹಿಡಿದು ಕಣ್ಣು ಸಣ್ಣ ಮಾಡಿದ. ಅವನದು ಎರಡು ಸುತ್ತಿನ ಗಂಟು. ಒಂದೇ ಸುತ್ತು ಹಾಕುವ ಕೇರಿಯವರು ಅದನ್ನು ಹೆದರುಪುಕ್ಕನ ಗಂಟು ಎಂದು ನಗುತ್ತಾರೆ. ಆ ದಿನ ಅಪ್ಪ ಕೂಗಲಿಲ್ಲವೆಂದಲ್ಲ. ಕೂಗಿದ. ಆದರೆ ನಡುವೆ ಒಮ್ಮೆ, "ಈ ನೂಲು ದಪ್ಪ ಆತು ಸಿಸ್ಟರೇ" ಎಂದೂ ದೂರಿದ. ನನ್ನ ಗೀಟುಗಳು ಕಡಿಮೆ ಬಿದ್ದವು. ಎಣಿಕೆಯಲ್ಲಿ ತಪ್ಪಿದೆನೇನೋ ಎಂದು ಮೊದಲು ನನ್ನ ಮೇಲೇ ಅನುಮಾನ ಬಂತು.

ಆಮೇಲೆ ಸಿಸ್ಟರ್ ಮೇಲೆ ಬಂತು. ನೀವೇ ಹೇಳಿ, ಬರದೆ ಇರುತ್ತದೆಯೆ? ಡಾಕ್ಟರು ಬರುವ ಹೊತ್ತಿಗೆ ಬಲೆ ಬೇಸಿನ್ನಿಗೆ ಹೋಗಿ ಮೇಲೆ ಬಟ್ಟೆ ಮುಚ್ಚಿಕೊಳ್ಳುತ್ತಿತ್ತು. ಒಳ್ಳೆಯ ಕೆಲಸವಾದರೆ ಮುಚ್ಚುವುದೇಕೆ?

ತಡವಾಗಿ ಬಂದ ಅತ್ತೆಗೆ ಹೇಳಿದೆ. ಗಂಜಿಯ ಡಬ್ಬಿ ಅರ್ಧ ಬಿಚ್ಚಿದವಳು ಹಾಗೇ ಕೂತಳು. "ಅವಳ ಮನೇಲಿ ದೋಣಿ ಇದ್ದೇ ಇರ್ತದೆ. ತನ್ನ ಅಣ್ಣನ ಬಲೆ ನಮ್ಮ ತಮ್ಮನ ಹತ್ರ ಹೊಲಿಸ್ತಾ ಇದ್ದಾಳೆ! ಎಂತ ಆಸ್ಪತ್ರೆ ಮಾರಾಯ್ತಿ ಇದು? ಮನೇಲಿ ಹೆಣೆದಿದ್ರೆ ಕೂಲಿಯಾದ್ರೂ ಸಿಗ್ತಿತ್ತು." ಡಬ್ಬಿಯ ಮುಚ್ಚಳ ಪೂರ್ತಿ ಬಿಚ್ಚುತ್ತ, "ಆ ಇಂಜೆಕ್ಷನ್ ಒಳಗೆ ನೀರೇ ಇದ್ರೆ? ಔಷಧ ಇದ್ದಿದ್ರೆ ಬಲೆ ಯಾಕೆ ಬೇಕಿತ್ತು?" ಎಂದಳು. ಆ ಪ್ರಶ್ನೆಯನ್ನು ಗೀಟುಗಳ ಕೆಳಗೆ ಬರೆದುಕೊಂಡೆ.

ನಾನು ಕ್ರಮವಾಗಿ ಕೆಲಸ ಮಾಡುವವಳು. ಮರುದಿನ ಡ್ರೆಸ್ಸಿಂಗ್ ಮುಗಿದು ಸಿಸ್ಟರ್ ಕೈ ತೊಳೆಯಲು ಹೋದಾಗ, ಅಪ್ಪ ಮುಚ್ಚಿದ ತೂತಿನ ಪಕ್ಕ ನನ್ನ ಜಡೆಯ ರಿಬ್ಬನ್ನಿನ ಕೆಂಪು ಎಳೆಯೊಂದನ್ನು ಕಟ್ಟಿದೆ. ಮುಗಿದ ಬಲೆ ಅವರ ಮನೆ ಸೇರಿ ಬೇರೆ ಹರಕು ಬಲೆ ಬರುತ್ತಿದ್ದರೆ ಗೊತ್ತಾಗಲಿ ಎಂದು.

ಬೆಳಗಾದಾಗ ಬಲೆ ಬಂತು. ಕೆಂಪು ಎಳೆ ಇತ್ತು, ಅಪ್ಪನ ಗಂಟೂ ಇತ್ತು. ಅದರ ಪಕ್ಕದಲ್ಲೇ ಹೊಸ ತೂತು.

ಅತ್ತೆಯ ಮುಖ ಬೆಳಗಿತು. "ಕಂಡ್ಯಾ! ಇವನು ಹೊಲೀತಾನೆ, ಅದು ಕಡಲಿಗೆ ಹೋಗಿ ಹರ್ಕೊಂಡು ಬತ್ತದೆ. ಮೀನಿನ ವಾಸನೆ ಹೋಗ್ಲಿ ಅಂತ ಫಿನೈಲಲ್ಲಿ ಅದ್ದಿ ತರ್ತಾಳೆ." ಇಂಥ ಅಚ್ಚುಕಟ್ಟಾದ ತರ್ಕ ನಮ್ಮ ಲೆಕ್ಚರರೂ ಹೇಳಿಕೊಟ್ಟಿರಲಿಲ್ಲ. ನಾನು ಪೂರ್ತಿ ಒಪ್ಪಿದೆ.

ಸಿಸ್ಟರ್ ಬಟ್ಟೆ ನೆನೆಸುತ್ತಿದ್ದಾಗಲೇ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಸಿಸ್ಟರೇ, ಇದು ಯಾರ ಬಲೆ? ದಿನಾ ಹೆಂಗೆ ಹರೀತದೆ?"

ಸಿಸ್ಟರ್ ಬಾಟಲಿ ಬಗ್ಗಿಸುತ್ತಲೇ ಇದ್ದರು. ಮಾತಾಡಿದವನು ಅಪ್ಪ. "ಅಕ್ಕಾ, ನೀ ಸುಮ್ನಿರು."

"ಎಂತಕ್ಕೆ ಸುಮ್ನಿರ್ಬೇಕು?"

"ಇಲ್ಲಿ ನೋಡು." ಅಪ್ಪ ತೂತಿನ ಅಂಚನ್ನು ಅವಳ ಕಣ್ಣಿನ ಹತ್ತಿರ ಹಿಡಿದ. "ಕಲ್ಲಿಗೆ ಸಿಕ್ಕಿ ಹರಿದ್ರೆ ನೂಲು ಎಳೆ ಬಿಡ್ತದೆ. ಏಡಿ ಕಡಿದ್ರೆ ಜಗಿದ ಹಂಗೆ ಇರ್ತದೆ. ಇದು ಕತ್ತರಿ. ನಂಗೆ ಎರಡನೇ ದಿನವೇ ಗೊತ್ತಾಗಿತ್ತು."

ಅತ್ತೆ ಬಾಯಿಗೆ ಸೆರಗು ಹಿಡಿದಳು. ಕಳ್ಳತನವಾಗಿದ್ದರೆ ಅವಳು ಇಷ್ಟು ಬೆಚ್ಚುತ್ತಿರಲಿಲ್ಲ. ನಮ್ಮಲ್ಲಿ ಬಲೆಯನ್ನು ಮಕ್ಕಳು ದಾಟಿದರೆ ಬೈಯುತ್ತಾರೆ. ಗಟ್ಟಿ ಬಲೆಗೆ ಕತ್ತರಿ ಹಾಕುವುದೆಂದರೆ ಉಣ್ಣುವ ಬಟ್ಟಲನ್ನು ಒಡೆದ ಹಾಗೆ. ಬಾಡದ ಮೀನುಗಾರರ ಮನೆಯ ಹೆಣ್ಣುಮಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

"ಕತ್ತರಿ ಹಾಕೂದಾ? ನೀನು?" ಅತ್ತೆಯ ದನಿ ತಗ್ಗಿತು. "ಯಾರದ್ದೇ ಅದು?"

"ನಮ್ಮನೇದೇ," ಎಂದರು ಸಿಸ್ಟರ್. "ಈಗ ಅದನ್ನ ಕಡಲಿಗೆ ಒಯ್ಯುವವ್ರು ಇಲ್ಲ." ಎಂದವರೇ ಕಾಲಿನ ಕಡೆ ಬಗ್ಗಿದರು. "ಅಣ್ಣಾ, ಬಟ್ಟೆ ನೆಂದಿದೆ. ಮೊದಲನೇ ಸುತ್ತು ತೆಗೀತೆ. ಶುರು ಮಾಡಿ."

ಅಪ್ಪ ಶುರು ಮಾಡಿದ. ಅತ್ತೆ ಆ ದಿನ ಹೋಗುವಾಗ ಗಂಜಿಯ ಡಬ್ಬಿಯ ಪಕ್ಕ ಒಣಮೀನಿನ ಪೊಟ್ಟಣವೊಂದನ್ನು ಇಟ್ಟು, "ಅವಳಿಗೆ ಕೊಡು. ನಾ ಕೊಟ್ಟೆ ಅಂತ ಹೇಳ್ಬೇಡ" ಎಂದಳು.

ಅಪ್ಪ ರಿಕ್ಷಾ ಕೇಳಲಿಲ್ಲ. ಗಾಯ ಮಾಯಿತು, ಮೊಣಕಾಲು ಮಡಚಿತು. ಬಿಡುಗಡೆಯ ದಿನ ಕೊನೆಯ ಡ್ರೆಸ್ಸಿಂಗ್ ಬೇಗ ಮುಗಿಯಿತು. ಬಲೆಯಲ್ಲಿ ಇನ್ನೂ ಒಂದು ತೂತು ಉಳಿದಿತ್ತು. ಅಪ್ಪ ಬಲೆಸೂಜಿಯನ್ನು ನೂಲಿನ ಸಮೇತ ಬಲೆಯೊಳಗೆ ಸುತ್ತಿಟ್ಟ.

"ಇದೊಂದು ಯಾಕೆ ಬಿಟ್ಟೆ?" ಎಂದು ಕೇಳಿದೆ. ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ನನಗಾಗುವುದಿಲ್ಲ.

"ನಾಳೆ ಈ ಮಂಚಕ್ಕೆ ಯಾರಾದ್ರೂ ಬತ್ತಾರಲ್ಲ. ಅವಳು ಒಂದು ದಿನವಾದ್ರೂ ಕತ್ತರಿ ಹಾಕೂದು ಬ್ಯಾಡ."

ಮುಂದಿನ ತಿಂಗಳು ಕಾಲು ತೋರಿಸಲು ಹೋದಾಗ ಶಾರದಾ ಸಿಸ್ಟರ್ ಅಲ್ಲಿರಲಿಲ್ಲ. ಕುಮಟೆಗೆ ಹೋದರು ಎಂದರು ಒಬ್ಬರು. ಮದುವೆಯಾಗಿ ಧಾರೇಶ್ವರದಲ್ಲಿದ್ದಾರೆ ಎಂದರು ಇನ್ನೊಬ್ಬರು. ನಾನು ಎರಡನ್ನೂ ನಂಬಲಿಲ್ಲ. ಇಂಜೆಕ್ಷನ್ನಿನಲ್ಲಿ ಔಷಧವೇ ಇತ್ತು ಎಂದು ಈಗ ಒಪ್ಪುತ್ತೇನೆ. ಔಷಧದ ಜೊತೆಗೆ ಬಲೆಯೂ ಏಕೆ ಬೇಕಾಯಿತೆಂಬುದನ್ನು ನನ್ನ ಗೀಟುಗಳೇ ಹೇಳುತ್ತವೆ. ಆದರೆ ಆ ಬಲೆ ಯಾರ ಕೈಯದಾಗಿತ್ತು? ಕಡಲಿಗೆ ಒಯ್ಯುವವರು ಇಲ್ಲವೆಂದರೆ ದೋಣಿ ಮಾರಿದ್ದೋ, ದೋಣಿಯವನೇ ಮರಳದಿದ್ದದ್ದೋ? ಪ್ರತಿ ಬೆಳಿಗ್ಗೆ ಅದಕ್ಕೆ ಕತ್ತರಿ ಹಾಕುವಾಗ ಆ ಗಂಟುಮುಖದ ಹಿಂದೆ ಏನಿತ್ತು? ಅಂದು ನನ್ನ ಕಣ್ಣೆಲ್ಲ ಬಲೆಯ ಮೇಲಿತ್ತು. ಅವರ ಮುಖ ಈಗ ಎಷ್ಟು ನೆನೆದರೂ ಸರಿಯಾಗಿ ಬರುತ್ತಿಲ್ಲ.

ಜಗಲಿಯಿಂದ ಅಪ್ಪ ಕೇಳಿದ, "ಎಂತ ಬರೀತಿದ್ಯೇ?"

"ಆ ಬಲೆ."

ಅವನು ಬಲೆಸೂಜಿ ಮೇಲೆತ್ತಿದ. ಆಮೇಲೆ ಬಲಗಾಲು ಮಡಚಿ, ಅಮ್ಮ ಒರೆಸಲೆಂದು ಪಕ್ಕಕ್ಕೆ ಸರಿದು ಕೂತ. "ಹಂಗಾರೆ ಓದಿದವ್ರ ಹತ್ರ ಕೇಳು. ಅವಳು ಇನ್ನೂ ಕತ್ತರಿಸ್ತಾ ಇದ್ದಾಳಾ ಅಂತ."

ಕೇಳುತ್ತಿದ್ದೇನೆ. ಹೊನ್ನಾವರದಲ್ಲೋ ಕುಮಟೆಯಲ್ಲೋ ನೀವು ಮಲಗಿದ್ದಾಗ ನಗದ ಸಿಸ್ಟರ್ ಒಬ್ಬರು ನಿಮ್ಮ ಎದೆಯ ಮೇಲೆ ಬಲೆಯೊಂದನ್ನು ಹಾಕಿದ್ದರೆ, ಅದರಲ್ಲಿ ಎರಡು ಸುತ್ತಿನ ಗಂಟುಗಳ ಪಕ್ಕ ಒಂದು ಕೆಂಪು ಎಳೆ ಕಂಡಿದ್ದರೆ, ದಯವಿಟ್ಟು ಬರೆಯಿರಿ. ಹೊರಡುವಾಗ ನೀವೂ ಒಂದು ತೂತು ಉಳಿಸಿ ಬಂದಿರಾ ಎಂಬುದನ್ನೂ ತಿಳಿಸಿ.