ಬಾಯೋರಿಗೆ ಬರೆಯದ ಉತ್ತರ

ಕಳೆದ ವಾರ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಆ ವಾಸನೆ ಮೂಗಿಗೆ ಬಡಿಯಿತು. ಯಂತ್ರದೆಣ್ಣೆ, ಅದರ ಬೆನ್ನಿಗೇ ಟೈಪ್‌ರೈಟರಿನ ಮಸಿ ರಿಬ್ಬನ್ನಿನ ನೆನಪು... ಕೆಲಸ ಅಲ್ಲೇ ಬಿಟ್ಟು ಎದ್ದೆ. ಆಮೇಲೆ ಒಂದು ಕಡೆ ಕೂರಲಾಗಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಬಾಯೋರು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಉದ್ದನೆಯ ಒಂದು ಕೋಣೆ, ಎಂಟು ಯಂತ್ರ. ಕಲಿಸುವವರಾದ್ದರಿಂದ ಎಲ್ಲರಿಗೂ ಅವರು ಬಾಯೋರು. ಮದುವೆಯಾಗಿರಲಿಲ್ಲ, ತಂದೆ ತೀರಿಕೊಂಡ ಮೇಲೆ ತಾವೇ ಕಟ್ಟಿ ನಿಲ್ಲಿಸಿದ ಕ್ಲಾಸು ಅದು. ಬೆಳಿಗ್ಗೆ ಆರಕ್ಕೇ ಟಕಟಕ ಶುರುವಾಗುತ್ತಿತ್ತು.

ನನಗೋ ಇಂಗ್ಲೆಂಡಿಗೆ ಹೋಗಿ ಸಣ್ಣ ಉದ್ಯಮ ಕಟ್ಟುವುದು, ನಡೆಸುವುದು ಹೇಗೆಂದು ಓದಬೇಕೆಂಬ ಹುಚ್ಚು. ಈ ವಿಷಯವೇ ಯಾಕೆ ಬೇಕು ಎಂದು ಅರ್ಜಿಯ ಜೊತೆ ಒಂದು ಪುಟ ಬರೆದು ಕಳಿಸಬೇಕಿತ್ತು. ಪುಸ್ತಕದ ದೊಡ್ಡ ಮಾತುಗಳನ್ನು ತುಂಬಿ ಬಾಯೋರ ಮುಂದಿಟ್ಟೆ. ನಾಲ್ಕು ಸಾಲು ಟೈಪ್ ಮಾಡಿ ಹಾಳೆಯನ್ನು ಯಂತ್ರದಿಂದ ಹೊರಗೆಳೆದರು.

"ಇದರಾಗ ನೀ ಎಲ್ಲಿ ಅದಿ? ನಿಮ್ಮಪ್ಪನ ಬಟ್ಟಿ ಅಂಗಡ್ಯಾಗ ಕುಂತು ಏನ್ ನೋಡೀದಿ, ಅದನ್ನ ಬರಿಯವಾ."

"ಅದನ್ನ ಯಾರು ಓದ್ತಾರ್ರೀ ಬಾಯೋರೆ?"

"ಓದ್ತಾರ. ನೀ ಬರಿ."

ಮೂರು ಸಲ ಬರೆದೆ, ಮೂರು ಸಲ ಟೈಪ್ ಮಾಡಿದರು. ಸೀಟು ಸಿಕ್ಕಿತು. ಹುಡುಗಿಯನ್ನು ಅಷ್ಟು ದೂರ ಹ್ಯಾಗೆ ಕಳಿಸುವುದು ಎಂದು ಕೂತಿದ್ದ ಅಪ್ಪನನ್ನು ಒಪ್ಪಿಸಿದವರೂ ಅವರೇ.

ಇಂಗ್ಲೆಂಡಿನಲ್ಲಿ ಮೊದಲ ಚಳಿಗಾಲ ಮುಗಿಯುವಾಗ ಅವರ ಕಾಗದ ಬಂತು. ಮಾತಾಡಿದಂತೆಯೇ ಬರೆದಿದ್ದರು. "ಓಣ್ಯಾಗ ಎರಡು ಕಂಪ್ಯೂಟರ್ ಕ್ಲಾಸ್ ಆಗ್ಯಾವ. ನನ್ನ ಹುಡುಗರು ಕಮ್ಮಿ ಆಗಾಕತ್ತಾರ. ಯಂತ್ರ ಕೇಳಾಕ ಒಬ್ಬರು ಬಂದಾರ. ಮಾರಿ ಕಂಪ್ಯೂಟರ್ ತರಲೋ, ಹಿಂಗೇ ಇರಲೋ? ನೀ ಇದನ್ನೇ ಓದಾಕತ್ತೀದಿ. ಯುಗಾದಿ ಒಳಗ ತಿಳಸು."

ಆಗ ತರಗತಿಯಲ್ಲಿ, ಕಷ್ಟಕ್ಕೆ ಸಿಕ್ಕ ಒಂದು ಸಣ್ಣ ಉದ್ಯಮದ ಬಗ್ಗೆ ಬರೆಯಲು ಹೇಳಿದ್ದರು. ನಾನು ಬಾಯೋರ ಕ್ಲಾಸಿನ ಬಗ್ಗೆಯೇ ಹನ್ನೆರಡು ಪುಟ ಬರೆದೆ. ಮೂರು ದಾರಿ ತೋರಿಸಿದೆ, ಮೂರಕ್ಕೂ ಸಮರ್ಥನೆ ಕೊಟ್ಟೆ. ಪ್ರೊಫೆಸರ್ ಅದನ್ನು ಎಲ್ಲರ ಮುಂದೆ ಹೊಗಳಿದರು. ಬಾಯೋರಿಗೆ ಮಾತ್ರ ಒಂದೇ ದಾರಿ ಹೇಳಬೇಕಿತ್ತು. ಕಾಗದ ಶುರು ಮಾಡುತ್ತಿದ್ದೆ, ಹರಿಯುತ್ತಿದ್ದೆ. ನಾಳೆ, ನಾಳೆ... ಯುಗಾದಿ ದಾಟಿತು. ಆಮೇಲೆ ಬರೆಯಲು ಮುಖವಿರಲಿಲ್ಲ.

ಓದು ಮುಗಿಸಿ ಬಂದಾಗ ಆ ಕೋಣೆಗೆ ಬೀಗ. ಬಾಯೋರು ಹುಮನಾಬಾದಿನಲ್ಲಿ, ಮಾಣಿಕನಗರದ ಹಾದಿಯಲ್ಲಿದ್ದ ತಮ್ಮನ ಮನೆ ಸೇರಿದ್ದರು. ಹುಡುಕಿಕೊಂಡು ಹೋದೆ. ಚಹಾ ಕೊಟ್ಟರು, ಅಲ್ಲಿಯ ಚಳಿ, ಊಟ ಎಲ್ಲ ವಿಚಾರಿಸಿದರು. ನಾನೇ ಬಾಯಿ ಬಿಟ್ಟೆ.

"ಯಂತ್ರ ಏನಾದವ್ರಿ?"

"ಕೇಳಾಕ ಬಂದವರಿಗೆ ತಡೀರಿ ಅಂದೆ. ಅವರು ಬ್ಯಾರೆ ಕಡಿ ತಗೊಂಡ್ರು. ಕಡೀಕ ಗುಜರಿಯವನಿಗೆ ಕೊಟ್ಟೆ." ಚಹಾದ ಕಪ್ಪು ಬದಿಗಿಟ್ಟು ಅವರೇ ಅಂದರು: "ಓದಾಕ ಹೋದ ಹುಡುಗಿಗೆ ಯಾಕ ತ್ರಾಸ ಕೊಟ್ಟೆ ಅಂತ ಆಮ್ಯಾಲ ಕೆಟ್ಟನಿಸಿತ್ತವಾ. ಖರೇ ಹೇಳು, ಯಾವದು ಮಾಡಿದ್ರ ಚೊಲೋ ಇತ್ತು?"

"ನಂಗ ಗೊತ್ತಾಗಲಿಲ್ರಿ ಬಾಯೋರೆ."

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. "ಅಷ್ಟೇ ಬರದಿದ್ರೂ ಆಗ್ತಿತ್ತಲ್ಲವಾ. ನಾ ಕಾಯ್ತಿರಲಿಲ್ಲ."

ಮತ್ತೆ ಬರುತ್ತೇನೆಂದು ಹೇಳಿ ಹೊರಟೆ. ಎರಡು ವರ್ಷ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಅಪ್ಪನ ಅಂಗಡಿಗೆ ಬಂದ ಗಿರಾಕಿಯೊಬ್ಬರ ಬಾಯಿಂದ ಗೊತ್ತಾಯಿತು, ಅದೂ ತಿಂಗಳ ನಂತರ.

ನಿನ್ನೆ ಸುಮ್ಮನಿರಲಾರದೆ ಹುಮನಾಬಾದಿಗೆ ಹೋದೆ. ಆ ಮನೆಯಲ್ಲೀಗ ಬೇರೆಯವರಿದ್ದಾರೆ. ಬಟ್ಟೆ ಒಣಹಾಕುತ್ತಿದ್ದ ಹೆಣ್ಣುಮಗಳು, "ಯಾರು ಬೇಕಾಗಿತ್ರಿ?" ಎಂದು ಕೇಳಿದಳು. "ಯಾರೂ ಇಲ್ಲವಾ" ಎಂದು ತಿರುಗಿದೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದವು. ಆದರೂ ಬಸವಕಲ್ಯಾಣದವರೆಗೆ ಕಂಬಿ ಹಿಡಿದು ನಿಂತೇ ಬಂದೆ.