ಮಡಚದ ಕಿರುಬೆರಳು

ನಮ್ಮ ಭೂಗೋಳದ ಟೀಚರ್‌ಗೆ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಗೆಣ್ಣಿನ ಹತ್ತಿರ ಸೊಟ್ಟಗಾಗಿ ಉಳಿದ ಬೆರಳುಗಳಿಂದ ದೂರ ನಿಂತಿರುತ್ತಿತ್ತು. ಹಿಮಾಲಯದ ಪಾಠ ಬಂದರೆ ಎರಡೂ ಕೈಗಳನ್ನು ಮೇಜಿನ ಮೇಲೆ ಬೋರಲಿಟ್ಟು, ಒಂದರ ಬೆರಳುಗಳನ್ನು ಇನ್ನೊಂದಕ್ಕೆ ಒತ್ತುತ್ತಿದ್ದರು. ಬೆರಳುಗಳೆಲ್ಲ ಮೆಲ್ಲಗೆ ಮೇಲೆದ್ದು ಗುಡ್ಡವಾಗುತ್ತಿದ್ದವು. ಕಿರುಬೆರಳು ಮಾತ್ರ ಪಕ್ಕಕ್ಕೆ ಜಾರುತ್ತಿತ್ತು.

"ಈ ಕೈ ಇಂಡಿಯಾ, ಇದು ಏಷ್ಯಾ. ನಾವು ನಿಂತಿರೋ ನೆಲ ಈಗ್ಲೂ ಉತ್ತರಕ್ಕೆ ಜರುಗ್ತಾನೇ ಇದೆ ಕಣ್ರೇ, ಉಗುರು ಬೆಳೆಯೋವಷ್ಟು ನಿಧಾನಕ್ಕೆ."

"ಮತ್ತೆ ನಮ್ಮ ಆವನಿ ಬೆಟ್ಟ, ಟೀಚರ್?"

"ಅದು ಹಿಮಾಲಯಕ್ಕೆ ಮುತ್ತಜ್ಜಿ. ಅಜ್ಜಿ ಸುಮ್ನೆ ಕೂತವ್ಳೆ ಅಂತ ಅನ್ಕೋಬೇಡಿ. ಅಲ್ಲಿ ಗುದ್ದಿದ್ದು ಇಲ್ಲಿಗೂ ಒಂದೊಂದ್ಸಲ ತಾಕತ್ತೆ."

ಬೆರಳಿಗೆ ಏನಾಯಿತು ಎಂದು ಕೇಳಿದರೆ, "ರುಬ್ಬೋ ಕಲ್ಲಿಗೆ ಸಿಕ್ಕಿತ್ತು, ಪುಸ್ತಕ ನೋಡೇ" ಎಂದು ಗದರುತ್ತಿದ್ದರು. ನಾವೂ ನಂಬಿದ್ದೆವು.

ಮದುವೆಯಾಗಿ ಮೊದಲ ಹೆರಿಗೆಗೆ ತವರಿಗೆ ಬಂದೆ. ತೂಕ ಕಡಿಮೆಯ ಮಗು, ಅಂಗೈಯಲ್ಲಿ ಹಿಡಿಯಲೂ ಭಯ. ನಮ್ಮದು ಕಲ್ಲು ಚಪ್ಪಡಿ ಹೊದಿಸಿದ ಹಳೆಯ ಮನೆ. ಪುಣ್ಯಾಹ ಆಗುವವರೆಗೆ ಬಾಣಂತಿ ಹೊಸಿಲು ದಾಟಬಾರದು ಎಂಬುದು ಅಜ್ಜಿಯ ಕಟ್ಟುನಿಟ್ಟು.

ಒಂದು ಸಂಜೆ ನೆಲದೊಳಗಿಂದ ಗುಡುಗಿದಂಥ ಸದ್ದು ಬಂತು. ಅಡುಗೆಮನೆಯ ಪಾತ್ರೆಗಳು ಗಲಗಲ ಎಂದವು. ಚಪ್ಪಡಿಗಳ ಸಂದಿನಿಂದ ಗಾರೆಯ ಪುಡಿ ತೊಟ್ಟಿಲಿನೊಳಗೆ ಉದುರಿತು. ಬೀದಿಯಲ್ಲಿ "ಹೊರಗೆ ಬನ್ರೋ" ಎಂದು ಒಂದೇ ಕೂಗು. ಹೊರಗೆ ಜಡಿಮಳೆ, ಕೊರೆಯುವ ಗಾಳಿ.

ಅಜ್ಜಿ ಎರಡೂ ತೋಳು ಚಾಚಿ ಬಾಗಿಲಿಗೆ ಅಡ್ಡ ನಿಂತಳು. "ವದ್ದಮ್ಮಾ, ವದ್ದು! ಬೇಡ ಅಂದ್ರೆ ಬೇಡ. ಮಗೂಗೆ ಶೀತ ಆದ್ರೆ ಉಳಿಯತ್ತಾ?"

ಅಯ್ಯೋ ದೇವರೇ, ಒಳಗಿದ್ದರೆ ಕಲ್ಲು, ಹೊರಗೆ ಹೋದರೆ ಚಳಿ. ಮಗುವನ್ನು ತೊಟ್ಟಿಲಿನಿಂದೆತ್ತಿ ಎದೆಗೆ ಅವುಚಿಕೊಂಡೆ.

ಆಗ ಬೀದಿಯ ಕೊನೆಯ ಮನೆಯಿಂದ ಟೀಚರ್ ಬರಿಗಾಲಲ್ಲೇ ಓಡಿಬಂದರು.

"ನೀನೇ ಹೇಳು ಟೀಚರಮ್ಮ," ಅಜ್ಜಿ ಕೇಳಿದಳು, "ಇನ್ನೊಂದ್ಸಲ ಅಲ್ಲಾಡತ್ತಾ?"

"ಗೊತ್ತಿಲ್ಲ ಅಜ್ಜಿ."

"ಓದಿದೋಳು ಹಿಂಗಂದ್ರೆ ಹೆಂಗಮ್ಮಾ?"

"ಭೂಮಿ ಯಾರಿಗೂ ಹೇಳಿ ಅಲ್ಲಾಡಲ್ಲ. ಇವ್ಳನ್ನ ನಮ್ಮನೆಗೆ ಕಳ್ಸಿ. ಶೀಟಿನ ಮನೆ, ಒಳಗೆ ಬೆಚ್ಚಗಿದೆ."

"ಬಾಣಂತಿನಾ? ಇನ್ನೊಬ್ರ ಮನೆಗಾ?" ಅಜ್ಜಿ ಕದಲಲಿಲ್ಲ.

ನೆಲ ಮತ್ತೆ ಗುರ್ ಎಂದಿತು. ಮೇಲಿನಿಂದ ಇನ್ನಷ್ಟು ಪುಡಿ ಬಿತ್ತು. ಟೀಚರ್ ಎಡಗೈಯನ್ನು ಅಜ್ಜಿಯ ಮುಖದೆದುರು ಹಿಡಿದರು.

"ಇದು ರುಬ್ಬೋ ಕಲ್ಲಿಗೆ ಸಿಕ್ಕಿದ್ದಲ್ಲ. ಮೊದಲ್ನೇ ಕೆಲಸಕ್ಕೆ ಉತ್ತರದ ಕಡೆ ಹೋದಾಗ ಭೂಮಿ ಅಲ್ಲಾಡಿ ನಾನಿದ್ದ ಕಲ್ಲಿನ ಮನೆ ಕುಸೀತು. ನಂಗೆ ಬೆರಳಷ್ಟೇ ಮುರೀತು." ಅವರು ಒಳಗಿದ್ದ ತೊಟ್ಟಿಲಿನ ಕಡೆ ನೋಡಿದರು. "ಆ ಮನೇಲೂ ಒಂದು ತೊಟ್ಟಿಲಿತ್ತು ಅಜ್ಜಿ."

ಅಜ್ಜಿಯ ತೋಳು ಕೆಳಗಿಳಿಯಿತು. ಮಗುವನ್ನು ನನ್ನಿಂದ ತೆಗೆದುಕೊಂಡು, ಸೆರಗಿನೊಳಗೆ ಸುತ್ತಿ, ತಾನೇ ಮೊದಲು ಹೊಸಿಲು ದಾಟಿದಳು.

ಪುಣ್ಯಾಹದವರೆಗೂ ಟೀಚರ್ ಮನೆಯಲ್ಲೇ ಇದ್ದೆವು. ಅಜ್ಜಿ ಸಾಂಬ್ರಾಣಿ ಹೊಗೆಯನ್ನೂ ಅಲ್ಲಿಗೇ ಹೊತ್ತು ತಂದಳು. ಚಪ್ಪಡಿಯೇನೂ ಬೀಳಲಿಲ್ಲ. ಆ ಮನೆ ಇಂದಿಗೂ ಇದೆ, ಅಜ್ಜಿ ಅದರ ಮೇಲೆ ಹುಣಸೆಹಣ್ಣು ಒಣಗಿಸುತ್ತಾಳೆ. "ಎಲ್ಲಿ ಟೀಚರಮ್ಮ ನಿಮ್ಮ ದೊಡ್ಡ ಭೂಕಂಪ?" ಎಂದು ಊರವರು ರೇಗಿಸಿದರೆ, "ಬರ್ಲಿಲ್ವಲ್ಲ, ಹೋಳಿಗೆ ಮಾಡ್ರಿ" ಎಂದು ನಗುತ್ತಿದ್ದರು.

ಟೀಚರ್ ಹೋದದ್ದು ಕಳೆದ ವರ್ಷ. ಎರಡೂ ಕೈ ಜೋಡಿಸಿ ಹೆಬ್ಬೆರಳುಗಳಿಗೆ ದಾರ ಕಟ್ಟಿದ್ದರು. ಕಿರುಬೆರಳು ಆಗಲೂ ಸೊಟ್ಟಗೆ, ದೂರ ನಿಂತಿತ್ತು. ನಾನು ತಡೆಯಲಾರದೆ ಅತ್ತೆ.

"ಅಮ್ಮ, ಟೀಚರ್ ಬೆರಳು ಯಾಕೆ ಹಂಗಿದೆ?" ಮಗ ಪಿಸುಗುಟ್ಟಿದ.

ಅಜ್ಜಿ ಅವನ ಕೈಹಿಡಿದು ಹತ್ತಿರಕ್ಕೆ ಕರೆದೊಯ್ದಳು.

"ನಿನ್ನನ್ನ ಹೊಸಿಲಿಂದ ಈಚೆಗೆ ತಂದ ಬೆರಳು ಕಣಪ್ಪ ಅದು. ಮುಟ್ಟಿ ಕಣ್ಣಿಗೊತ್ಕೋ."