ಚಪ್ಪಡಿಯ ಬಿಸಿ ತಿಳಿಯದ ಪಾದ

ಕೊನೆಕೊನೆಗೆ ನಮ್ಮತ್ತೆಯ ಬಲಗಾಲಿನ ಹೆಬ್ಬೆರಳು ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಹಾಗೆ ಕಪ್ಪಗೆ ಸುಕ್ಕಾಗಿತ್ತು. ನಾನು ನರಸೀಪುರದ ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಮುದ್ದೆ ಗಂಟಾಯಿತೆಂದು ನನ್ನ ತಟ್ಟೆಯನ್ನು ಒದ್ದದ್ದು ಅದೇ ಕಾಲು. ಅದನ್ನು ತೊಳೆದು ಬಟ್ಟೆ ಕಟ್ಟುವಾಗ ನನಗೇನೂ ಅಳು ಬರಲಿಲ್ಲ.

ಅವಳು ಆಲೆಮನೆಯವರ ಮಗಳು. ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ಹದ ಹೇಳುತ್ತಿದ್ದಳು. ಸಕ್ಕರೆ ಕಾಯಿಲೆ ಬಂದ ಮೇಲೂ ಬಾಯಿ ಕಟ್ಟಲಿಲ್ಲ. ನಂಜನಗೂಡಿನ ಡಾಕ್ಟರ ಹತ್ತಿರ ರಕ್ತ ಕೊಡುವ ದಿನ ಬಂತೆಂದರೆ ಮಾತ್ರ ಎರಡು ದಿನ ಬರೀ ಮಜ್ಜಿಗೆ, ಹಾಗಲಕಾಯಿ. ಪರೀಕ್ಷೆಯಲ್ಲಿ ಪಾಸು. ಹೊರಗೆ ಬಂದವಳೇ ರಸಬಾಳೆ ಸುಲಿಯುತ್ತಿದ್ದಳು. ಬಸ್ಸಿನಲ್ಲಿ ಪಕ್ಕದವರಿಗೆ, "ನಂಗ್ಯಾವ ಕಾಯ್ಲೆನೂ ಇಲ್ಲ ಕಣವ್ವ. ಇಗೋ, ಈ ಸೊಸೆನೇ ನನ್ ಕಾಯ್ಲೆ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು.

ಒಂದು ಬೇಸಿಗೆ ಮಧ್ಯಾಹ್ನ ನಂಜನಗೂಡಿನ ದೇವಸ್ಥಾನದ ಚಪ್ಪಡಿ ಕಾದು ಹಂಚಾಗಿತ್ತು. ನಾವೆಲ್ಲ ಕುಣಿಯುತ್ತ ನೆರಳಿಗೆ ಓಡಿದೆವು. ಅವಳು ನಿಧಾನಕ್ಕೆ ಪ್ರದಕ್ಷಿಣೆ ಹಾಕಿದಳು.

"ನೋಡ್ರವ್ವ, ನಂಜುಂಡಪ್ಪ ನನ್ ಕಾಲ್ಗೆ ತಂಪು ಕೊಟ್ಟವ್ನೆ!"

ಒಬ್ಬಳು ಅವಳ ಕಾಲಿಗೂ ಬಿದ್ದಳು. ಮನೆಗೆ ಬಂದು ಚಪ್ಪಲಿ ಬಿಟ್ಟಾಗ ತಂಪಾದ ಪಾದದ ಚರ್ಮ ಚಪ್ಪಲಿಗೇ ಅಂಟಿಕೊಂಡು ಬಂತು.

ಇದೆಲ್ಲ ಎರಡು ಸಾವಿರದ ಇಸವಿ ದಾಟಿದ ಮೇಲೆ. ಆಗ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಬೇರೆ ಪರೀಕ್ಷೆ ಮಾಡಿಸಿದರು.

"ಅಜ್ಜಿ, ಎರಡು ದಿನ ಉಪವಾಸ ಇದ್ರೆ ಇವತ್ತಿನ ಸಕ್ಕರೆ ಇಳಿಯುತ್ತೆ. ಆದ್ರೆ ರಕ್ತದಲ್ಲಿರೋ ಪ್ರೋಟೀನಿಗೆ ಅಂಟ್ಕೊಂಡಿರೋ ಸಕ್ಕರೆ ಬಿಡಲ್ಲ. ಎರಡು ಮೂರು ತಿಂಗಳಿಂದ ತಿಂದಿದ್ದನ್ನ ಅದೇ ಹೇಳುತ್ತೆ. ನರಕ್ಕೂ ರಕ್ತನಾಳಕ್ಕೂ ಹಾಗೇ ಅಂಟಿ ಅವು ಕೆಟ್ಟಿವೆ. ಅದಕ್ಕೇ ಸುಟ್ಟಿದ್ದು ಗೊತ್ತಾಗ್ಲಿಲ್ಲ. ಈಗ್ಲಾದ್ರೂ ಬಾಯಿ ಕಟ್ಟಿದ್ರೆ ಕಾಲು ಉಳಿಸಬಹುದು."

ಕೊಪ್ಪರಿಗೆಯ ತಳ ಹಿಡಿದ ಪಾಕ ಎಂಥದ್ದೆಂದು ಆಲೆಮನೆಯ ಮಗಳಿಗೆ ತಿಳಿಯದ್ದಲ್ಲ. ಕೆರೆದರೆ ಕೊಪ್ಪರಿಗೆಯೇ ಸವೆಯುತ್ತದೆ, ಅದು ಬಿಡುವುದಿಲ್ಲ. ಆದರೂ ನನ್ನ ಕಡೆ ತಿರುಗಿ, "ನೀನೇ ಏಳ್ಕೊಟ್ಟಿದ್ದೀಯ ಕಣೆ, ಮನೆಹಾಳಿ" ಎಂದಳು.

ಅಂದಿನಿಂದ ಮಾತ್ರೆ ಬಿಟ್ಟಳು. ಶುಂಠಿ ಬೆರೆಸಿದ ಪ್ರಸಾದದ ಸಕ್ಕರೆಯನ್ನೇ ಔಷಧಿ ಎಂದು ಮುಕ್ಕತೊಡಗಿದಳು. ಬೇಡವೆಂದೆ.

"ನಂಜನ್ನೇ ಉಂಡ ದೇವ್ರು ಕಣಮ್ಮಿ. ನನ್ ಸಕ್ಕರೆ ಉಣ್ಣಕ್ಕಿಲ್ವಾ?"

ದೇವರು ಉಣ್ಣಲಿಲ್ಲ. ಉಂಡವಳು ಅವಳೇ.

ಹೆಬ್ಬೆರಳಿನ ಕಪ್ಪು ಮೇಲೇರಿತು. ಮೈಸೂರಿನಲ್ಲಿ ಮಂಡಿಯ ಕೆಳಗೆ ಆ ಕಾಲು ತೆಗೆದರು. ಅವಳಿಗೆ ಎಚ್ಚರವಾದಾಗ ನಾನು ಹೊದಿಕೆಯ ತಗ್ಗನ್ನೇ ನೋಡುತ್ತಿದ್ದೆ.

"ಏನಮ್ಮಿ ನೋಡ್ತೀಯ? ಒದೆಯಕ್ಕೆ ಇನ್ನೊಂದ್ ಕಾಲದೆ."

ಆ ಕಾಲು ಒದೆಯಲಿಲ್ಲ. ಕೊಯ್ದ ಕಾಲಿನ ಗಾಯ ಕೂಡಲಿಲ್ಲ, ನಂಜೇರಿತು. ಕೊನೆಯ ದಿನ ಬಾಯಿಗೆ ನೀರು ಬಿಟ್ಟೆ.

"ಬೆಲ್ಲ ಆಕಿದ್ದೀಯಾ?"

"ಆಕಿವ್ನಿ, ಕುಡಿ ಅತ್ತೆ."

ನಾಲಗೆ ಆಡಿಸಿ ನೋಡಿದಳು. "ಸುಳ್ಬುರ್ಕಿ" ಎಂದಳು. ಅದೇ ಕಡೆಯ ಮಾತು.

ಈಗ ನನಗೂ ಸಕ್ಕರೆ ಕಾಯಿಲೆ. ಅವಳ ಋಣ ಒಂದೇ ಒಂದು ನನ್ನ ಮೇಲಿದೆ. ನಂಜನಗೂಡಿಗೆ ಹೋದರೆ ಬಿಸಿಲು ನೆತ್ತಿಗೆ ಬರುವವರೆಗೆ ಕಾದು, ಚಪ್ಪಲಿ ಬಿಟ್ಟು, ಆ ಚಪ್ಪಡಿಯ ಮೇಲೆ ಪಾದ ಇಡುತ್ತೇನೆ. ಇನ್ನೂ ಚುರ್ ಎನ್ನುತ್ತದೆ.